ಬರೆದದ್ದನ್ನು ತಿರುಗಿ ಓದಿದ್ದೀರಾ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಓದು-ಬರಹದ ಸುತ್ತಲೇ ಇವೆ. ಮೊದಲ ಪತ್ರಕ್ಕೆ ಬರೆದ ಉತ್ತರ ಉದ್ದವಾಗಿದೆ. ಮೊಟಕು ಮಾಡಲು ಮನಸ್ಸು ಬರಲಿಲ್ಲ.

ಪ್ರಶ್ನೆ: ಮೇಡಂ, ನನಗೆ 27 ವರ್ಷ. ಐದು ವರ್ಷದಿಂದ ಕೆಲಸದಲ್ಲಿದ್ದೇನೆ. ತೊಂದರೆ ಏನಿಲ್ಲ. ಆದರೆ ಬೆಳಿಗ್ಗೆ ಎದ್ದ ಕೂಡಲೇ ಇದೆಲ್ಲ ಯಾಕೆ ಅನಿಸುತ್ತದೆ. 'ನಿನಗೆ ಏನು ಇಷ್ಟ' ಅಂತ ಯಾರಾದರೂ ಕೇಳಿದರೆ ಬಾಯಿಗೆ ಉತ್ತರ ಬರುವುದಿಲ್ಲ. ಬರೆಯುತ್ತಾ ಹೋದರೆ ದಾರಿ ಸಿಗುತ್ತದೆ ಅಂತ ಗೆಳತಿ ಹೇಳಿದಳು. ಮೂರು ಡೈರಿ ಕೊಂಡೆ. ಮೂರೂ ಹತ್ತು ಹನ್ನೆರಡು ಪುಟಕ್ಕೆ ನಿಂತಿವೆ. ಬರೆದದ್ದೆಲ್ಲ ಯಾರಿಗೋ ತೋರಿಸಲು ಬರೆದ ಹಾಗಿದೆ. ನನಗೆ ಬರೆಯಲು ಬರುವುದಿಲ್ಲವೋ, ನನ್ನೊಳಗೆ ಬರೆಯುವಂಥದ್ದೇ ಇಲ್ಲವೋ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಡೈರಿ ಕೊಂಡದ್ದು ಹೇಳಿದ್ದೀರಿ, ಬರೆದದ್ದು ಹೇಳಿದ್ದೀರಿ, ನಿಂತುಹೋದದ್ದೂ ಹೇಳಿದ್ದೀರಿ. ಬರೆದ ಪುಟಗಳನ್ನು ಆಮೇಲೆ ಒಂದು ದಿನ ಕೂತು ಓದಿದಿರಾ ಅನ್ನುವುದು ಮಾತ್ರ ಎಲ್ಲೂ ಇಲ್ಲ. ಓದಿಲ್ಲ ಅಂತಲೇ ನನಗೆ ಅನಿಸುತ್ತದೆ. ಹೆಚ್ಚಿನವರು ಓದುವುದಿಲ್ಲ. ಬರೆಯುತ್ತಾ ಇದ್ದರೆ ದಾರಿ ತಾನಾಗಿ ಪುಟದ ಮೇಲೆ ಬಂದು ನಿಲ್ಲುತ್ತದೆ ಅಂದುಕೊಂಡಿರುತ್ತೇವೆ. ನಾನು ಕಂಡ ಮಟ್ಟಿಗೆ ಅದು ಹಾಗೆ ಬರುವುದಿಲ್ಲ. ಬರೆಯುವಾಗ ನಾವು ಆ ದಿನಕ್ಕೆ ತೀರಾ ಅಂಟಿಕೊಂಡಿರುತ್ತೇವೆ. ನಾಲ್ಕಾರು ತಿಂಗಳು ಬಿಟ್ಟು, ಬೇರೆಯವರ ಪತ್ರ ಓದುವ ಹಾಗೆ ಅದನ್ನೇ ಓದಿದಾಗ ಏನೋ ಕಾಣತೊಡಗುತ್ತದೆ.

ನನ್ನದೇ ಒಂದು ಸಂಗತಿ ಹೇಳುತ್ತೇನೆ. 29ನೇ ವಯಸ್ಸಿನಲ್ಲಿ ನಾನು ಒಂದು ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದೆ. ನಿಮ್ಮ ಹಾಗೆಯೇ ಬೆಳಿಗ್ಗೆ ಏಳುವುದು ಭಾರ. ಅಲ್ಲಿ ಬೇಡವಾದ ಕಂಪ್ಯೂಟರ್ ಹಾಳೆಗಳ ರಾಶಿ ಇರುತ್ತಿತ್ತು, ಎರಡೂ ಅಂಚಿಗೆ ಸಾಲಾಗಿ ತೂತು ಇರುವ ಉದ್ದದ ಹಾಳೆ. ಅದನ್ನು ಮನೆಗೆ ತಂದು ಖಾಲಿ ಬೆನ್ನಿನ ಮೇಲೆ ರಾತ್ರಿ ಬರೆಯುತ್ತಿದ್ದೆ. ಎಂಟು ತಿಂಗಳು ಬರೆದೆ, ನಡುವೆ ಬಿಟ್ಟದ್ದೂ ಉಂಟು. ಒಂದು ರಜೆಯ ದಿನ ಅಷ್ಟನ್ನೂ ನೆಲದ ಮೇಲೆ ಹರಡಿಕೊಂಡು, ಕೈಯಲ್ಲಿ ಪೆನ್ಸಿಲ್ ಹಿಡಿದು ಓದಲು ಕೂತೆ.

ಕೆಲಸದ ಬಗ್ಗೆ ಪ್ರತಿ ದಿನವೂ ಒಂದೇ ಸಾಲು. 'ಇವತ್ತೂ ಅದೇ.' ಅಷ್ಟೇ. ಆದರೆ ಒಂದು ಹಾಳೆ ಎರಡೂ ಅಂಚಿನ ತೂತಿನವರೆಗೆ ತುಂಬಿತ್ತು. ಅವತ್ತು ಒಬ್ಬ ಮುದುಕರು ಅರ್ಜಿ ಬರೆಸಿಕೊಳ್ಳಲು ಬಂದಿದ್ದರು. ಅರ್ಜಿ ನನ್ನ ಕೆಲಸವಲ್ಲ, ಸುಮ್ನೆ ಬರೆದುಕೊಟ್ಟೆ. ಅವರು ಮಗನ ವಿಷಯ ಹೇಳುವಾಗ ಪ್ರತಿ ಸಲವೂ 'ಅವನು ಕೆಟ್ಟವನಲ್ಲ ಅಮ್ಮಾ' ಅಂತಲೇ ಶುರು ಮಾಡುತ್ತಿದ್ದರು. ಆ ಮಾತನ್ನು ನಾನು ಒಂದೇ ಹಾಳೆಯಲ್ಲಿ ಮೂರು ಸಲ ಬರೆದಿದ್ದೆ, ಬರೆದದ್ದು ನನಗೆ ನೆನಪೇ ಇರಲಿಲ್ಲ. ಹುಡುಕಿದೆ. ಹಾಗೆ ತುಂಬಿದ ಹಾಳೆ ಹನ್ನೊಂದು ಇದ್ದವು. ಹನ್ನೊಂದರಲ್ಲೂ ಯಾರೋ ಮಾತಾಡುತ್ತಿದ್ದಾರೆ, ನಾನು ಕೇಳುತ್ತಿದ್ದೇನೆ. ಲೆಕ್ಕದ ಬಗ್ಗೆ ಒಂದೂ ಇಲ್ಲ.

ಮರುದಿನ ಕೆಲಸ ಬಿಟ್ಟೆ ಅಂದುಕೊಳ್ಳಬೇಡಿ. ಬಿಡಲಿಲ್ಲ. ಆದರೆ ಸಂಜೆ ಹೊತ್ತು, ಬರೆಯಲು ಬಾರದವರಿಗೆ ಪತ್ರ, ಅರ್ಜಿ ಬರೆದುಕೊಡಲು ಶುರು ಮಾಡಿದೆ. ಅಲ್ಲಿಂದ ಈ ಅಂಕಣದವರೆಗೆ ಬರಲು ಬಹಳ ವರ್ಷ ಹಿಡಿಯಿತು. ದಾರಿ ಅಂದರೆ ನನಗೆ ಸಿಕ್ಕಿದ್ದು ಅಷ್ಟೇ, ಹನ್ನೊಂದು ಹಾಳೆಯ ಮೇಲೆ ಹನ್ನೊಂದು ಪೆನ್ಸಿಲ್ ಗೆರೆ.

ಈಗ ನಿಮ್ಮ ಪುಟಗಳಿಗೆ ಬರೋಣ. ಮೂರು ಡೈರಿ ಸೇರಿಸಿದರೆ ಮೂವತ್ತಕ್ಕಿಂತ ಹೆಚ್ಚು ಪುಟ ಆಯಿತಲ್ಲ. ಅದು ಕಡಿಮೆ ಏನಲ್ಲ. ಒಂದು ಮಧ್ಯಾಹ್ನ ಅವನ್ನು ಒಟ್ಟಿಗೆ ಓದಿ. ಚೆನ್ನಾಗಿದೆಯೋ ಇಲ್ಲವೋ ಅಂತ ನೋಡಬೇಡಿ. ಎಲ್ಲಿ ಅಕ್ಷರ ಅವಸರದಲ್ಲಿ ಓಡಿದೆ, ಎಲ್ಲಿ ವಾಕ್ಯ ತಾನೇ ಉದ್ದವಾಗಿದೆ, ಯಾವ ಹೆಸರು ಅಥವಾ ಜಾಗ ಮತ್ತೆ ಮತ್ತೆ ಬಂದಿದೆ, ಅಲ್ಲಿ ಗೆರೆ ಎಳೆಯಿರಿ. ಯಾವ ವಿಷಯ ಶುರು ಮಾಡಿ ಅರ್ಧಕ್ಕೆ ಬಿಟ್ಟಿದ್ದೀರಿ ಅಂತಲೂ ನೋಡಿ. ಅದು ಇನ್ನೂ ಮುಖ್ಯ. ಮನಸ್ಸು ಹೆದರಿ ಹಿಂದಕ್ಕೆ ಸರಿದ ಜಾಗ ಅದು.

ಹೊಟ್ಟೆಕಿಚ್ಚು ಎಲ್ಲಿದೆ ಅಂತಲೂ ಹುಡುಕಿ. ಇದನ್ನು ಒಪ್ಪಿಕೊಳ್ಳುವುದು ಯಾರಿಗೂ ಸುಲಭವಲ್ಲ, ಆದರೆ ನಿಮ್ಮ ಡೈರಿಗೆ ಹೇಳಲು ಏನು ತೊಂದರೆ? ಯಾರ ಮೇಲೆ ಕಿಚ್ಚು ಅನ್ನುವುದಕ್ಕಿಂತ ಅವರ ಯಾವ ಸಂಗತಿಯ ಮೇಲೆ ಅಂತ ಬರೆಯಿರಿ. ಗೆಳತಿಯ ಸಂಬಳದ ಮೇಲೋ, ಅವಳು ಬೆಳಿಗ್ಗೆ ಮನೆಯಲ್ಲೇ ಇರುತ್ತಾಳೆ ಅನ್ನುವುದರ ಮೇಲೋ, ಅವಳು ಏನು ಹೇಳಿದರೂ ಜನ ತಿರುಗಿ ನೋಡುತ್ತಾರೆ ಅನ್ನುವುದರ ಮೇಲೋ? ಈ ಮೂರೂ ಮೂರು ಬೇರೆ ದಿಕ್ಕು ತೋರಿಸುತ್ತವೆ.

ಇನ್ನು 'ಯಾರಿಗೋ ತೋರಿಸಲು ಬರೆದ ಹಾಗಿದೆ' ಅನ್ನುವ ಮಾತು. 'ಇವತ್ತು ಮನಸ್ಸು ಭಾರವಾಗಿತ್ತು' ಅಂತ ಬರೆದರೆ ಅದು ನಿಮ್ಮದು ಅನಿಸುವುದು ಕಷ್ಟ, ಯಾಕಂದರೆ ಅದನ್ನು ಯಾರು ಬೇಕಾದರೂ ಬರೆಯಬಹುದು. 'ಮೀಟಿಂಗಿನಲ್ಲಿ ನನ್ನ ಮಾತನ್ನು ಅರ್ಧಕ್ಕೆ ತಡೆದರು, ನಾನು ನಕ್ಕೆ, ಆಮೇಲೆ ಹತ್ತು ನಿಮಿಷ ಪೆನ್ನಿನ ಕ್ಯಾಪ್ ತೆಗೆಯುತ್ತಾ ಹಾಕುತ್ತಾ ಕೂತಿದ್ದೆ' ಅಂತ ಬರೆದರೆ ಅದು ನಿಮ್ಮದೇ. ಸುಳ್ಳು ಸೇರಿಕೊಳ್ಳಲು ಜಾಗವೇ ಇಲ್ಲ. ಮನಸ್ಸಿನ ಹೆಸರು ಬರೆಯುವ ಮೊದಲು ಕೈ ಏನು ಮಾಡುತ್ತಿತ್ತು, ಕಿವಿಗೆ ಏನು ಬಿತ್ತು ಅಂತ ಬರೆಯಿರಿ. ಭಾವನೆ ಅದರ ಹಿಂದೆಯೇ ಬರುತ್ತದೆ.

ಬರೆಯುವುದರಿಂದ ನಿಜಕ್ಕೂ ಏನಾದರೂ ಆಗುತ್ತದೆಯೇ ಅಂತ ನಿಮಗೆ ಅನುಮಾನ ಇರಬಹುದು. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನಿಬೇಕರ್ 1986ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದ ಹಾಗೆ ಸತತ ನಾಲ್ಕು ದಿನ ಬರೆದರು. ಕೆಲವರು ಸಾಮಾನ್ಯ ವಿಷಯ ಬರೆದರು, ಕೆಲವರು ಬದುಕಿನಲ್ಲಿ ತಮ್ಮನ್ನು ಅಲ್ಲಾಡಿಸಿದ ಘಟನೆಯನ್ನೂ ಆಗ ಅನಿಸಿದ್ದನ್ನೂ ಬರೆದರು. ಹೀಗೆ ಘಟನೆ, ಅನಿಸಿಕೆ ಎರಡನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಹತ್ತಿರ ಹೋದದ್ದು ಕಡಿಮೆ. ಆಮೇಲೆ ಬಂದ ಎಷ್ಟೋ ಅಧ್ಯಯನಗಳಲ್ಲಿ ಈ ಪರಿಣಾಮ ಚಿಕ್ಕದೇ ಅಂತ ಕಂಡಿದೆ, ಆದ್ದರಿಂದ ಇದನ್ನು ಮದ್ದು ಅಂತ ನಾನು ಹೇಳುವುದಿಲ್ಲ. ನನಗೆ ಹಿಡಿಸಿದ್ದು ಅವರ ಗುಂಪೇ ಮುಂದೆ ಕಂಡುಕೊಂಡ ಇನ್ನೊಂದು ಸಂಗತಿ. ಬರೆದವರ ಪದಗಳನ್ನು ಎಣಿಸಿ ನೋಡಿದಾಗ, ದಿನದಿಂದ ದಿನಕ್ಕೆ 'ಯಾಕಂದರೆ', 'ಈಗ ಗೊತ್ತಾಯಿತು' ಅನ್ನುವಂಥ ಪದಗಳು ಯಾರ ಬರಹದಲ್ಲಿ ಹೆಚ್ಚುತ್ತಾ ಹೋದವೋ ಅವರಿಗೇ ಉಪಯೋಗ ಜಾಸ್ತಿ ಆಗಿತ್ತು. ಅದೇ ದೂರನ್ನು ಅದೇ ಮಾತಿನಲ್ಲಿ ದಿನವೂ ಬರೆದರೆ ಸಾಲದು ಅಂತಾಯಿತು. ತಿರುಗಿ ಓದಿದಾಗ ನಿಮ್ಮ ಪುಟದಲ್ಲಿ 'ಯಾಕಂದರೆ' ಎಷ್ಟು ಸಲ ಬಂದಿದೆ ನೋಡಿ. ಒಂದೂ ಇಲ್ಲದ ಪುಟದ ಕೊನೆಗೆ ಇವತ್ತಿನ ತಾರೀಖು ಹಾಕಿ ಒಂದು ಸೇರಿಸಿ.

ಹೀಗೆ ಸೇರಿಸುವುದು ಹಳೆಯ ಪದ್ಧತಿ. ಫ್ರಾನ್ಸಿನ ಲೇಖಕ ಮೋಂಟೇನ್ 1571ರಲ್ಲಿ, 38ನೇ ವಯಸ್ಸಿಗೆ, ಕೆಲಸ ಬಿಟ್ಟು ತನ್ನ ಮನೆಯ ಗೋಪುರದ ಓದುಕೋಣೆಗೆ ಸೇರಿಕೊಂಡ. ತನ್ನ ಬಗ್ಗೆಯೇ ಬರೆದ. ಬರೆದದ್ದಕ್ಕೆ ಅವನು ಇಟ್ಟ ಫ್ರೆಂಚ್ ಹೆಸರಿನ ಅರ್ಥವೇ 'ಪ್ರಯತ್ನಗಳು'. 1580ರಲ್ಲಿ ಅಚ್ಚಾಯಿತು. ಅಲ್ಲಿಗೆ ಮುಗಿಸಲಿಲ್ಲ. 1592ರಲ್ಲಿ ಸಾಯುವವರೆಗೆ ತನ್ನದೇ ಪುಸ್ತಕವನ್ನು ಮತ್ತೆ ಮತ್ತೆ ಓದಿ ಅಂಚಿನಲ್ಲಿ ಕೈಯಿಂದ ಬರೆದು ಸೇರಿಸುತ್ತಲೇ ಇದ್ದ. ಹಾಗೆ ಅಂಚು ತುಂಬಿಸಿದ ಒಂದು ಪ್ರತಿ ಈಗಲೂ ಉಳಿದಿದೆ. ಹತ್ತು ವರ್ಷ ಹಿಂದಿನ ತನ್ನ ಮಾತಿನ ಪಕ್ಕದಲ್ಲೇ ಇವತ್ತಿನ ಮಾತು ಇಡುವುದು, ಎರಡನ್ನೂ ಉಳಿಸಿಕೊಳ್ಳುವುದು. ಎಷ್ಟು ಧೈರ್ಯದ ಕೆಲಸ ಅಲ್ವಾ?

ಹೊಸ ಡೈರಿ ಕೊಳ್ಳಬೇಡಿ. ಇರುವ ಮೂರರಲ್ಲಿ ಯಾವುದಾದರೂ ಒಂದನ್ನು ಮುಂದುವರಿಸಿ. ದಿನವೂ ಬರೆಯಲೇಬೇಕು ಅನ್ನುವ ನಿಯಮ ಬೇಡ, ಆ ನಿಯಮವೇ ನಿಮ್ಮನ್ನು ಹನ್ನೆರಡನೇ ಪುಟಕ್ಕೆ ನಿಲ್ಲಿಸಿದೆ ಅಂತ ನನ್ನ ಊಹೆ. ಒಂದು ದಿನ ತಪ್ಪಿತು, ಮನಸ್ಸಿಗೆ ಕಸಿವಿಸಿ ಆಯಿತು, ಆ ಕಸಿವಿಸಿಗೇ ಡೈರಿ ಮುಚ್ಚಿಟ್ಟಿರಿ. ವಾರಕ್ಕೆ ಎರಡು ಸಲ ಸಾಕು. ತಿಂಗಳಿಗೆ ಒಂದು ಸಲ ತಿರುಗಿ ಓದುವುದನ್ನು ಮಾತ್ರ ತಪ್ಪಿಸಬೇಡಿ. ಗೆರೆ ಎಳೆದ ಸಂಗತಿಗಳಲ್ಲಿ ಒಂದನ್ನು ಹಿಡಿದು, ಕೆಲಸದಲ್ಲಿ ಇದ್ದುಕೊಂಡೇ, ಚಿಕ್ಕದಾಗಿ ಮಾಡಿ ನೋಡಿ. ಅದು ಏನಾಯಿತು ಅಂತಲೂ ಬರೆಯಿರಿ.

ಪ್ರಶ್ನೆ: ತಿಂಗಳಿಗೆ ಮೂರು ನಾಲ್ಕು ಪುಸ್ತಕ ಓದುತ್ತೇನೆ. ಆರು ತಿಂಗಳಾದರೆ ಒಂದೂ ನೆನಪಿರುವುದಿಲ್ಲ. ಇಷ್ಟು ಓದಿ ಏನು ಪ್ರಯೋಜನ ಅನಿಸುತ್ತಿದೆ.

ಉತ್ತರ: ಮರೆಯುವುದು ಎಲ್ಲರಿಗೂ ಇದೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬಿಂಗ್‌ಹೌಸ್ ತನ್ನ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲಿ ತೋರಿಸಿದ್ದು ಇದನ್ನೇ. ಕಲಿತದ್ದರಲ್ಲಿ ಹೆಚ್ಚಿನದು ಮೊದಲ ಗಂಟೆಗಳಲ್ಲೇ ಜಾರಿಹೋಗುತ್ತದೆ, ಉಳಿದದ್ದು ನಿಧಾನವಾಗಿ.

ಆದರೆ ಒಂದು ಉಪಾಯ ಇದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಸಂಶೋಧಕರು ಕೆಲವರಿಗೆ ಒಂದು ಪಾಠವನ್ನು ಮತ್ತೆ ಮತ್ತೆ ಓದಿಸಿದರು, ಕೆಲವರಿಗೆ ಓದಿದ ಮೇಲೆ ಹಾಳೆ ಮುಚ್ಚಿ ನೆನಪಿನಿಂದ ಬರೆಯಲು ಹೇಳಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದೆ. ಒಂದು ವಾರದ ನಂತರ ಕೇಳಿದಾಗ ನೆನಪಿನಿಂದ ಬರೆದವರು ಮುಂದೆ. ಹಾಗಾಗಿ ಪುಸ್ತಕ ಮುಚ್ಚಿದ ಕೂಡಲೇ ಇನ್ನೊಂದನ್ನು ಎತ್ತಿಕೊಳ್ಳಬೇಡಿ. ನಾಲ್ಕು ಸಾಲು ಬರೆಯಿರಿ. ಕಥೆಯ ಸಾರಾಂಶ ಬೇಡ. ಯಾವ ಪುಟದಲ್ಲಿ ನಿಂತಿರಿ, ಎಲ್ಲಿ ಲೇಖಕರ ಜೊತೆ ಜಗಳ ಆಡಬೇಕು ಅನಿಸಿತು, ಅಷ್ಟು ಸಾಕು.

ತಿಂಗಳಿಗೆ ನಾಲ್ಕು ಅನ್ನುವ ಲೆಕ್ಕವನ್ನು ಬಿಟ್ಟುಬಿಡಿ ಅಂತ ಬಹಳ ಆಸೆಯಿಂದ ಹೇಳುತ್ತಿದ್ದೇನೆ. ನಿಮ್ಮ ಕಪಾಟಿನಲ್ಲಿ ಮೊದಲು ಓದಿ ಇಷ್ಟಪಟ್ಟ ಒಂದು ಪುಸ್ತಕ ಇರುತ್ತದಲ್ಲ, ಅದನ್ನು ಈ ತಿಂಗಳು ಮತ್ತೆ ಓದಿ. ಪುಸ್ತಕ ಅದೇ ಇರುತ್ತದೆ. ನೀವು ಎಷ್ಟು ಬದಲಾಗಿದ್ದೀರಿ ಅಂತ ಅಲ್ಲಿ ಸ್ಪಷ್ಟವಾಗಿ ಗೊತ್ತಾಗುತ್ತದೆ.

ಪ್ರಶ್ನೆ: ಅಕ್ಕಾ, ನಾನು ಕಾಲೇಜಿನಲ್ಲಿ ಎರಡನೇ ವರ್ಷ. ಬರೆಯಲು ತುಂಬಾ ಆಸೆ. ಆದರೆ ನನ್ನ ಕನ್ನಡ ಚೆನ್ನಾಗಿಲ್ಲ, ಮಾತಾಡುವಾಗ ಅರ್ಧ ಇಂಗ್ಲಿಷ್. ಶುದ್ಧವಾಗಿ ಬರೆಯಲು ಹೋದರೆ ಪರೀಕ್ಷೆಯ ಪ್ರಬಂಧದ ಹಾಗೆ ಆಗುತ್ತದೆ. ನಾಚಿಕೆ ಆಗಿ ಹರಿದುಹಾಕುತ್ತೇನೆ.

ಉತ್ತರ: ತಮ್ಮಾ, ಪ್ರಬಂಧದ ಹಾಗೆ ಆಗುತ್ತದೆ ಅಂತ ನಿನಗೇ ಗೊತ್ತಾಯಿತಲ್ಲ, ಅಂದರೆ ನಿನ್ನ ಕಿವಿ ಚೆನ್ನಾಗಿದೆ. ಕಿವಿ ಚೆನ್ನಾಗಿದ್ದರೆ ಭಾಷೆ ಬರುತ್ತದೆ.

12ನೇ ಶತಮಾನದ ವಚನಕಾರರನ್ನು ನೆನೆಸಿಕೋ. ದೋಣಿ ನಡೆಸುವವರು, ಬಟ್ಟೆ ಮಡಿ ಮಾಡುವವರು, ಚೆಲ್ಲಿದ ಅಕ್ಕಿ ಆಯುವವರು ಎಲ್ಲರೂ ತಾವು ಆಡುವ ಮಾತಿನಲ್ಲೇ, ತಮ್ಮ ಕಸುಬಿನ ಪದಗಳನ್ನೇ ಇಟ್ಟುಕೊಂಡು ಹೇಳಿದರು. ಹೆಚ್ಚಿನವರು ವಚನದ ಕೊನೆಗೆ ತಮ್ಮ ದೈವದ ಹೆಸರನ್ನು ಅಂಕಿತವಾಗಿ ಇಟ್ಟರೆ, ಅಂಬಿಗರ ಚೌಡಯ್ಯ ತನ್ನ ಹೆಸರನ್ನೇ ಇಟ್ಟ, ಅದೂ ಕಸುಬಿನ ಸಮೇತ. ಮಾತು ಒರಟು, ನೇರ. ಎಂಟು ನೂರು ವರ್ಷ ದಾಟಿ ಬಂದಿದೆ ನೋಡು.

ಹೀಗೆ ಮಾಡು. ಹೇಳಬೇಕಾದದ್ದನ್ನು ಮೊದಲು ಫೋನಿನಲ್ಲಿ ಗೆಳೆಯನಿಗೆ ಹೇಳುವ ಹಾಗೆ ರೆಕಾರ್ಡ್ ಮಾಡು. ಆಮೇಲೆ ಕೇಳಿಸಿಕೊಂಡು, ಆಡಿದ್ದು ಆಡಿದ ಹಾಗೆ ಬರೆದುಕೋ. ಬಸ್ಸು ಬಸ್ಸೇ ಇರಲಿ, ಫೋನು ಫೋನೇ ಇರಲಿ. 'ಆಕ್ಚುಲಿ', 'ಲೈಕ್' ಇಂಥವು ಬಂದಲ್ಲಿ ಒಂದು ಕ್ಷಣ ನಿಲ್ಲು, ಅಲ್ಲಿ ನಿಜವಾಗಿ ಏನು ಹೇಳಬೇಕಿತ್ತು ಅಂತ ಯೋಚಿಸು. ಸಾಮಾನ್ಯವಾಗಿ ಅದು ಹೇಳಲು ಹೆದರಿಕೆ ಇದ್ದ ಜಾಗ. ಇದರ ಜೊತೆಗೆ ದಿನಕ್ಕೆ ಹತ್ತು ನಿಮಿಷ ಕನ್ನಡವನ್ನು ಗಟ್ಟಿಯಾಗಿ ಓದು, ಯಾವ ಪುಸ್ತಕವಾದರೂ ಸರಿ. ಬಾಯಿಯಲ್ಲಿ ಓಡಾಡಿದ ಪದ ಕೈಗೆ ತಾನಾಗಿ ಬರುತ್ತದೆ.

ಮತ್ತೆ, ಹರಿಯಬೇಡ. ಡಬ್ಬಿಯಲ್ಲಿ ಹಾಕಿಡು. ಮುಂದಿನ ವರ್ಷ ಓದುವೆಯಂತೆ.

ಪ್ರಶ್ನೆ: ನನಗೆ 48. ಬರೆದರೆ ಮನಸ್ಸು ಹಗುರ ಆಗುತ್ತದೆ ಅಂತ ಗೊತ್ತು. ಆದರೆ ಮನೆಯಲ್ಲಿ ಯಾರಾದರೂ ಓದಿಬಿಟ್ಟರೆ ಅನ್ನುವ ಭಯದಲ್ಲಿ ಒಳ್ಳೊಳ್ಳೆಯ ಮಾತು ಮಾತ್ರ ಬರೆಯುತ್ತೇನೆ.

ಉತ್ತರ: ನಿಮ್ಮ ಭಯ ನ್ಯಾಯವಾದದ್ದೇ. ಎಷ್ಟೋ ಮನೆಗಳಲ್ಲಿ ಹೆಂಗಸರಿಗೆ ಬೀಗ ಹಾಕಿಕೊಳ್ಳುವ ಒಂದು ಡ್ರಾಯರ್ ಕೂಡ ಇರುವುದಿಲ್ಲ. ಅದಕ್ಕೆ ಪುಸ್ತಕದಲ್ಲಿ ಬರೆಯಬೇಡಿ, ಬಿಡಿ ಹಾಳೆಯಲ್ಲಿ ಬರೆಯಿರಿ. ಪೂರ್ತಿ ಬರೆಯಿರಿ, ಕೋಪ, ಬೈಗುಳ, ಹೆಸರು ಎಲ್ಲ ಹಾಕಿ. ಮುಗಿದ ಮೇಲೆ ಒಂದು ಸಲ ಓದಿಕೊಂಡು ಚೂರು ಚೂರು ಮಾಡಿಬಿಡಿ.

ಹಾಗಾದರೆ ತಿರುಗಿ ಓದುವುದು ಹೇಗೆ ಅಂತ ಕೇಳಬಹುದು. ಹರಿಯುವ ಮೊದಲು ಒಂದೇ ಒಂದು ಸಾಲನ್ನು ಆರಿಸಿ, ಚಿಕ್ಕ ನೋಟ್‌ಬುಕ್ಕಿನಲ್ಲಿ ಬೇರೆಯವರಿಗೆ ಅರ್ಥವಾಗದ ಹಾಗೆ ಬರೆದಿಡಿ. 'ನೀಲಿ ಕೊಡೆ, ಮೆಟ್ಟಿಲು' ಅಂತ ಬರೆದರೆ ಯಾರಿಗೆ ಏನು ಗೊತ್ತಾಗುತ್ತದೆ? ನಿಮಗೆ ಗೊತ್ತಾಗುತ್ತದೆ. ವರ್ಷದ ಕೊನೆಗೆ ಅಂಥ ಐವತ್ತು ಸಾಲು ಇರುತ್ತವೆ.

ಒಂದು ಎಚ್ಚರಿಕೆ ಹೇಳಲೇಬೇಕು. ಮೇಲೆ ಹೇಳಿದ ಪೆನ್ನಿಬೇಕರ್ ಅಧ್ಯಯನದಲ್ಲೂ, ನೋವಿನ ಸಂಗತಿ ಬರೆದವರಿಗೆ ಬರೆದ ಕೂಡಲೇ ಮನಸ್ಸು ಇನ್ನಷ್ಟು ಕುಗ್ಗಿತ್ತು. ಅದು ಸ್ವಲ್ಪ ಹೊತ್ತಿಗೆ ಇಳಿದರೆ ಸರಿ. ಇಳಿಯದೆ ನಿದ್ದೆ ಕೆಡುತ್ತಿದ್ದರೆ ಆ ವಿಷಯ ಬರೆಯುವುದನ್ನು ನಿಲ್ಲಿಸಿ, ನಂಬಿಕೆಯವರ ಹತ್ತಿರ ಅಥವಾ ವೈದ್ಯರ ಹತ್ತಿರ ಬಾಯಿಬಿಟ್ಟು ಹೇಳಿ. ಕೆಲವು ನೋವನ್ನು ಒಬ್ಬರೇ ಕೂತು ಬರೆಯಬಾರದು.

ಪ್ರಶ್ನೆ: ನಾಲ್ಕು ಜನಕ್ಕೆ ತೋರಿಸಲು ಬರೆದರೆ ಅದು ಸುಳ್ಳು ಬರಹ ಆಗುತ್ತದೆಯೇ? ನಾನು ಬರೆದದ್ದನ್ನು ಹಂಚಿಕೊಂಡಾಗ ಎಷ್ಟು ಲೈಕ್ ಬಂತು ಅಂತ ಪದೇ ಪದೇ ನೋಡುತ್ತೇನೆ. ನನ್ನ ಮೇಲೇ ಬೇಸರ ಬರುತ್ತದೆ.

ಉತ್ತರ: ಬೇಸರ ಮಾಡಿಕೊಳ್ಳಬೇಡಿ. ಓದುಗರು ಬೇಕು ಅನ್ನುವುದು ಸುಳ್ಳಲ್ಲ. ಆನ್ ಫ್ರಾಂಕ್ 1942ರ ಜೂನ್‌ನಲ್ಲಿ ದಿನಚರಿ ಶುರು ಮಾಡಿದಾಗ ಅದು ತನಗಾಗಿ ಮಾತ್ರ. ಯುದ್ಧ ಮುಗಿದ ಮೇಲೆ ಜನರ ದಿನಚರಿ, ಪತ್ರಗಳನ್ನು ಸಂಗ್ರಹಿಸುತ್ತೇವೆ ಅಂತ 1944ರ ಮಾರ್ಚ್‌ನಲ್ಲಿ ಡಚ್ ಮಂತ್ರಿಯೊಬ್ಬರು ರೇಡಿಯೊದಲ್ಲಿ ಹೇಳಿದ್ದನ್ನು ನಾಜಿಗಳಿಂದ ತಪ್ಪಿಸಿಕೊಳ್ಳಲು ಮನೆಯವರ ಜೊತೆ ಅಡಗಿದ್ದ ಜಾಗದಲ್ಲಿ ಕೇಳಿದಳು. ಆಮೇಲೆ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಅದನ್ನೇ ಬಿಡಿ ಹಾಳೆಗಳಲ್ಲಿ ತಿದ್ದಿ ಬರೆಯತೊಡಗಿದಳು. 14 ವರ್ಷದ ಹುಡುಗಿ, ತನ್ನದೇ ಹಳೆಯ ಪುಟಗಳನ್ನು ಓದಿ, ಇದು ಬೇಕು ಇದು ಬೇಡ ಅಂತ ಆರಿಸಿದಳು. ಎರಡು ಬರಹವೂ ಅವಳದೇ, ಎರಡೂ ನಿಜವೇ.

ನೀವೂ ಎರಡು ಇಟ್ಟುಕೊಳ್ಳಿ. ಮೊದಲನೆಯದು ಯಾರಿಗೂ ತೋರಿಸದ್ದು. ಅದು ಒಂದು ವಾರ ಹಾಗೇ ಇರಲಿ. ಆಮೇಲೆ ಅದರಿಂದ ತೆಗೆದು ಹಂಚಿಕೊಳ್ಳಿ. ಬರೆದ ಕೂಡಲೇ ಹಾಕಿದರೆ ಲೈಕ್ ಎಷ್ಟು ಅಂತ ನೋಡದೆ ಇರಲು ಯಾರಿಂದಲೂ ಆಗುವುದಿಲ್ಲ. ಒಂದು ವಾರ ಕಳೆದರೆ ಆ ಬರಹ ಏನು ಅಂತ ನಿಮಗೇ ಅಷ್ಟರಲ್ಲಿ ಗೊತ್ತಾಗಿರುತ್ತದೆ.

ಪ್ರಶ್ನೆ: ನಿವೃತ್ತನಾಗಿ ಮೂರು ವರ್ಷ. ವಯಸ್ಸು 63. ಬರೆಯಬೇಕು ಅಂತ ಈಗ ಅನಿಸುತ್ತಿದೆ. ತಡ ಆಯಿತೇ?

ಉತ್ತರ: ಇಲ್ಲ ಸರ್. ಇಂಗ್ಲೆಂಡಿನ ಪೆನೆಲೊಪಿ ಫಿಟ್ಸ್‌ಜೆರಾಲ್ಡ್ ಅವರ ಮೊದಲ ಪುಸ್ತಕ 1975ರಲ್ಲಿ ಬಂದಾಗ ಅವರಿಗೆ 58. ಅದಕ್ಕೂ ಮೊದಲು ಪಾಠ ಹೇಳುತ್ತಾ, ಮೂರು ಮಕ್ಕಳನ್ನು ಬೆಳೆಸುತ್ತಾ ವರ್ಷಗಳು ಹೋಗಿದ್ದವು. ನಾಲ್ಕು ವರ್ಷಕ್ಕೆ ಬೂಕರ್ ಪ್ರಶಸ್ತಿ ಬಂತು. ಪ್ರಶಸ್ತಿಯ ಮಾತು ಬಿಡಿ, ಕೂತು ಬರೆಯಲು ಅವರಿಗೆ ಆಮೇಲೆ ಇಪ್ಪತ್ತು ವರ್ಷ ಸಿಕ್ಕಿತು.

ಆತ್ಮಕಥೆ ಅಂತ ಹುಟ್ಟಿದ ದಿನದಿಂದ ಶುರು ಮಾಡಬೇಡಿ, ದಯವಿಟ್ಟು. ಹತ್ತು ಪುಟಕ್ಕೆ ಸುಸ್ತಾಗುತ್ತದೆ. ಕೆಲಸದಲ್ಲಿದ್ದ ಅಷ್ಟೂ ವರ್ಷದಲ್ಲಿ ನಿಮಗೊಬ್ಬರಿಗೇ ಗೊತ್ತಿರುವ ಒಂದು ಬೆಳಗ್ಗೆ ಇರುತ್ತದೆ. ಬಾಗಿಲು ಯಾರು ತೆರೆದರು, ಯಾರು ಮೊದಲು ಬಂದರು, ಕುರ್ಚಿ ಎಲ್ಲಿತ್ತು, ಅಲ್ಲಿಂದ ಬರೆಯಿರಿ. ಎರಡು ಪುಟ ಆದ ಮೇಲೆ ನನಗೂ ಒಂದು ಪ್ರತಿ ಕಳಿಸಿ, ಓದುತ್ತೇನೆ.